ಒಂದೇ ಐಕಾನ್ ಮೂರು ಮೆನುವಿಗೆ: ಕೊನೆಯದರಲ್ಲಿ ಮಾತ್ರ ಯಾಕೆ ಕಾಣುತ್ತದೆ?

ನಿಮ್ಮ ಪ್ರಶ್ನೆ ಇದು ಅಲ್ವಾ: ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋಸ್ ಆಪ್‌ಗಳ ಪರದೆ ಕಟ್ಟುವ ಮೈಕ್ರೋಸಾಫ್ಟ್ ಸಾಧನ) 'ಸೇವ್' ಚಿತ್ರವನ್ನು ಇಮೇಜ್ ಆಗಿ ರಿಸೋರ್ಸ್ ಡಿಕ್ಷನರಿಯಲ್ಲಿ, ಅಂದರೆ ಹಲವು ಕಡೆ ಬಳಸುವ ವಸ್ತುಗಳನ್ನು ಹೆಸರು ಕೊಟ್ಟು ಇಡುವ ಜಾಗದಲ್ಲಿ, ಇಟ್ಟಿದ್ದೀರಿ, ಮೂರು ಮೆನು ಐಟಂಗಳಿಗೆ ಕೊಟ್ಟಿದ್ದೀರಿ, ಆದರೆ ಕೊನೆಯದರಲ್ಲಿ ಮಾತ್ರ ಐಕಾನ್ ಬರುತ್ತಿದೆ.

ನಿಮ್ಮ ಕೋಡ್ ತಪ್ಪಿಲ್ಲ. ರಿಸೋರ್ಸ್ ಅಂದರೆ ಅಚ್ಚು, ಕೇಳಿದಷ್ಟು ಪ್ರತಿ ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಯಾರು ಕೇಳಿದರೂ ಸಿಗುವುದು ಅದೇ ಒಂದು ವಸ್ತು. ಇಮೇಜ್ ಒಂದು ಎಲಿಮೆಂಟ್, ಅಂದರೆ ಪರದೆಯ ಮೇಲೆ ಕೂರುವ ಭಾಗ; ಅದಕ್ಕೆ ಒಬ್ಬರೇ ಪೇರೆಂಟ್, ಅಂದರೆ ಒಂದು ಸಲಕ್ಕೆ ಒಂದೇ ಕಡೆ ಇರಬಲ್ಲದು. ಇರುವುದು ಒಂದೇ ಕುರ್ಚಿ, ಕೊನೆಗೆ ಬಂದವನು ಎತ್ತಿಕೊಂಡು ಹೋದ ಹಾಗೆ. ಇದನ್ನೇ ಎರಡು ಬಟನ್‌ಗಳ ಕಂಟೆಂಟ್‌ಗೆ ಕೊಟ್ಟು ನೋಡಿ, ನೇರವಾಗಿ ಎರರ್ ಬರುತ್ತದೆ.

ಆ ಇಮೇಜ್‌ಗೆ 'ಎಕ್ಸ್ ಕೋಲನ್ ಶೇರ್ಡ್' ಅನ್ನೋ ಸೆಟ್ಟಿಂಗ್ ಅನ್ನು ಫಾಲ್ಸ್ ಮಾಡಿದರೆ ಪ್ರತಿ ಸಲ ಹೊಸದು ಸಿಗುತ್ತದೆ. ಕಂಪೈಲ್ ಆಗುವ ಡಿಕ್ಷನರಿಯಲ್ಲಿ ಮಾತ್ರ ಇದು ನಡೆಯುತ್ತದೆ.

ನಾನಾದರೆ ಹಾಗೆ ಮಾಡಲ್ಲ. ಡಿಕ್ಷನರಿಯಲ್ಲಿ ಬಿಟ್‌ಮ್ಯಾಪ್‌ಇಮೇಜ್, ಅಂದರೆ ಬರೀ ಚಿತ್ರದ ಡೇಟಾ, ಇಡಿ. ಪ್ರತಿ ಮೆನುವಿನಲ್ಲೂ ಒಂದು ಪುಟ್ಟ ಇಮೇಜ್ ಬರೆದು, ಅದರ ಸೋರ್ಸ್‌ಗೆ ಆ ಬಿಟ್‌ಮ್ಯಾಪ್‌ಇಮೇಜ್‌ನ ಕೀ (ಡಿಕ್ಷನರಿಯಲ್ಲಿ ಕೊಟ್ಟ ಹೆಸರು) ಕೊಡಿ. ಬಿಟ್‌ಮ್ಯಾಪ್‌ಇಮೇಜ್ ಎಲಿಮೆಂಟ್ ಅಲ್ಲ, ಎಷ್ಟು ಕಡೆ ಬೇಕಾದರೂ ಹಂಚಬಹುದು. ಬಣ್ಣ ತುಂಬುವ ಬ್ರಷ್‌ಗಳೂ ಹಾಗೇ.

ಇನ್ನೊಂದು ಮಾತು. ಡಿಕ್ಷನರಿಯನ್ನು ಪ್ರತಿ ಯೂಸರ್ ಕಂಟ್ರೋಲ್‌ನಲ್ಲೂ (ನೀವೇ ಕಟ್ಟಿದ ಪರದೆಯ ತುಂಡು) ಮರ್ಜ್ ಮಾಡಬೇಡಿ, ಅಂದರೆ ಸೇರಿಸಬೇಡಿ. ಒಂದೊಂದು ಸಲಕ್ಕೂ ಹೊಸ ಪ್ರತಿ ಲೋಡ್ ಆಗಿ ಸುಮ್ನೆ ಮೆಮೊರಿ ಜಾಸ್ತಿ ತಿನ್ನುತ್ತದೆ. ಇಡೀ ಆಪ್‌ಗೆ ಅನ್ವಯಿಸುವ ಆಪ್ ಡಾಟ್ ಝ್ಯಾಮಲ್ ಫೈಲ್‌ನಲ್ಲಿ ಒಮ್ಮೆ ಮರ್ಜ್ ಮಾಡಿದರೆ ಸಾಕು.