ಐದನೆಯ ದಿನಕ್ಕೆ ನಿಲ್ಲಿಸಿದ ಮಾತ್ರೆ

ಸುರತ್ಕಲ್‌ನಿಂದ ಬರೆದಿರುವ ಓದುಗರು ಕಟ್ಟಡದ ಕೆಲಸದಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್. ಅವರ ಪತ್ರದ ಮುಖ್ಯ ಭಾಗ ಇದು: “ಒಮ್ಮೆ ಬಂದ ರೋಗವನ್ನು ದೇಹ ನೆನಪಿಟ್ಟುಕೊಳ್ಳುತ್ತದೆ ಎಂದು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಸಣ್ಣವನಿದ್ದಾಗ ಮೈಮೇಲೆ ಅಮ್ಮ ಎದ್ದಿತ್ತು, ಮತ್ತೆ ಬರಲಿಲ್ಲ. ಮಲೇರಿಯಾ ಮಾತ್ರ ಜುಲೈಯಲ್ಲಿ ಬಂದದ್ದು ನವೆಂಬರಿನಲ್ಲಿ ಪುನಃ ಬಂತು. (ಜ್ವರ ಮೂರೇ ದಿನಕ್ಕೆ ಬಿಟ್ಟಿತ್ತು. ಉಳಿದ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆಂದು ಐದನೆಯ ದಿನಕ್ಕೆ ನಿಲ್ಲಿಸಿದೆ.) ನನ್ನ ದೇಹಕ್ಕೆ ಮರೆವು ಬಂತೇ? ಇಮ್ಯೂನಿಟಿ ಹೆಚ್ಚಿಸಲು ಯಾವ ಕಷಾಯ ಒಳ್ಳೆಯದು?”

ನೀವು ಆವರಣದೊಳಗೆ ಹಾಕಿದ ಮಾತೇ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಆದರೆ ಮೊದಲು ನೆನಪಿನ ವಿಷಯ.

ನಮ್ಮ ರಕ್ತದಲ್ಲಿ, ಕಂಕುಳು ಮತ್ತು ತೊಡೆಸಂದಿನ ಗ್ರಂಥಿಗಳಲ್ಲಿ ಬಿ, ಟಿ ಎಂಬ ಬಿಳಿ ರಕ್ತಕಣಗಳು ಕೋಟಿಗಟ್ಟಲೆ ಇವೆ. ಕಮ್ಮಾರನೊಬ್ಬ ಯಾವ ಬೀಗಕ್ಕೆಂದು ಕೇಳದೆ ಬೀಗದಕೈ ಮಾಡಿ ರಾಶಿ ಹಾಕಿದಂತೆ, ಒಂದೊಂದರ ಆಕಾರ ಒಂದೊಂದು. ರೋಗಾಣು ಒಳಗೆ ಬಂದಾಗ ಅದಕ್ಕೆ ಹೊಂದುವ ಕಣ ಯಾವುದೋ ಅದು ಎರಡು, ನಾಲ್ಕು, ಎಂಟಾಗಿ ಹೆಚ್ಚುತ್ತದೆ. ಬಿ ಕಣಗಳ ಸಂತತಿ ರೋಗಾಣುವಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು (ಆಂಟಿಬಾಡಿ) ಸುರಿಸುತ್ತದೆ. ಟಿ ಕಣಗಳಲ್ಲಿ ಕೆಲವು ಸೋಂಕು ಹತ್ತಿದ ಜೀವಕೋಶಗಳನ್ನೇ ಕೊಲ್ಲುತ್ತವೆ. ಮೊದಲ ಸಲ ಇಷ್ಟಾಗಲು ವಾರ, ಹತ್ತು ದಿನ ಹಿಡಿಯುತ್ತದೆ. ನಾವು ಮಲಗಿ ನರಳುವುದು ಆಗಲೇ. ಕೆಲಸ ಮುಗಿದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ವರ್ಷಗಟ್ಟಲೆ ಉಳಿಯುತ್ತವೆ. ನೆನಪೆಂದರೆ ಈ ಉಳಿದವು.

ಅವು ಎಷ್ಟು ಕಾಲ ಉಳಿದಾವು? 1846ರಲ್ಲಿ ಫ್ಯಾರೋ ದ್ವೀಪಗಳಲ್ಲಿ ದಡಾರ ಹಬ್ಬಿ ಸುಮಾರು 6,000 ಜನ ಮಲಗಿದರು. ಅಲ್ಲಿಗೆ ಹೋದ ಪೀಟರ್ ಪಾನುಮ್ ಎಂಬ ಡ್ಯಾನಿಶ್ ವೈದ್ಯ ಒಂದು ವಿಚಿತ್ರ ಗಮನಿಸಿದ. 1781ರಲ್ಲಿ ದಡಾರ ಬಂದು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮತ್ತೆ ಬಂದಿರಲಿಲ್ಲ. ನಡುವೆ 65 ವರ್ಷ ಆ ದ್ವೀಪಗಳಲ್ಲಿ ದಡಾರವೇ ಇರಲಿಲ್ಲ! ನಿಮ್ಮ ಮೈಮೇಲೆ ಎದ್ದ ಅಮ್ಮನ, ಎಂದರೆ ಚಿಕನ್‌ಪಾಕ್ಸಿನ, ಕತೆಯೂ ಹೆಚ್ಚುಕಡಮೆ ಇದೇ. ಆದರೆ ಅದು ಹೋಗಿಯೇ ಬಿಟ್ಟಿತು ಎಂದುಕೊಳ್ಳಬೇಡಿ. ಆ ವೈರಸ್ ನರಗಳ ಬುಡದಲ್ಲಿ ಮಲಗಿರುತ್ತದೆ, ವಯಸ್ಸಾದ ಮೇಲೆ ಕೆಲವರಲ್ಲಿ ಏಳುತ್ತದೆ. ನಾವು ಸರ್ಪಸುತ್ತು ಎನ್ನುವುದು ಅದನ್ನೇ.

ದಡಾರದ ವೈರಸ್ ರೂಪ ಬದಲಿಸುವುದಿಲ್ಲ, ಹಾಗಾಗಿ ಹಳೆಯ ನೆನಪೇ ಸಾಕು. ಡೆಂಗಿಯಲ್ಲಿ ನಾಲ್ಕು ಬಗೆ. ಒಂದರ ನೆನಪು ಇನ್ನೊಂದನ್ನು ತಡೆಯದು, ಎರಡನೆಯ ಸಲ ಅದೇ ನೆನಪು ರೋಗವನ್ನು ಉಲ್ಬಣಿಸುವುದೂ ಉಂಟು. ಮಲೇರಿಯಾ ಪರೋಪಜೀವಿಯದ್ದು ಇವೆರಡನ್ನೂ ಮೀರಿದ ಆಟ. ಸೊಳ್ಳೆಯಿಂದ ಇಳಿಯುವಾಗ ಅದರದ್ದು ಒಂದು ವೇಷ. ಸ್ವಲ್ಪ ಹೊತ್ತಿನಲ್ಲೇ ಯಕೃತ್ತೆಂಬ ಚೌಕಿ (ವೇಷಧಾರಿಗಳ ಬಣ್ಣದ ಮನೆ) ಸೇರಿ, ಬಣ್ಣ ಬದಲಿಸಿ, ಬೇರೆಯೇ ವೇಷದಲ್ಲಿ ರಕ್ತಕ್ಕೆ ಬರುತ್ತದೆ. ಮೊದಲ ವೇಷಕ್ಕೆ ಮಾಡಿದ ಪ್ರತಿಕಾಯ ಎರಡನೆಯದನ್ನು ಗುರುತಿಸದು. ರಕ್ತದಲ್ಲೂ ಅದು ಹೆಚ್ಚು ಹೊತ್ತು ಇರುವುದು ಕೆಂಪು ಕಣದ ಒಳಗೆ. ಆಫ್ರಿಕದಲ್ಲಿ ಮಲೇರಿಯಾದ ನಡುವೆಯೇ ಬೆಳೆದವರಿಗೆ ಮತ್ತೆ ಮತ್ತೆ ಸೋಂಕಾಗಿ ಸ್ವಲ್ಪ ರಕ್ಷಣೆ ಬರುತ್ತದೆ. ಕೆಲವು ವರ್ಷ ಊರು ಬಿಟ್ಟರೆ ಅದೂ ಸವೆಯುತ್ತದೆ.

ಈಗ ಆವರಣಕ್ಕೆ ಬರೋಣ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಇದರ ಕೆಲವು ಪರೋಪಜೀವಿಗಳು ರಕ್ತಕ್ಕೆ ಬಾರದೆ ಯಕೃತ್ತಿನಲ್ಲೇ ತಿಂಗಳುಗಟ್ಟಲೆ ನಿದ್ದೆ ಹೋಗುತ್ತವೆ. ಮೊದಲ ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಂದು ಜ್ವರ ಬಿಡಿಸುತ್ತದೆ. ಮಲಗಿರುವುದನ್ನು ಕೊಲ್ಲುವುದು ನೀವು ನಿಲ್ಲಿಸಿದ ಪ್ರೈಮಾಕ್ವಿನ್, ಅದನ್ನು 14 ದಿನ ತಿನ್ನಬೇಕು. ನವೆಂಬರಿನದ್ದು ಹೊಸ ಸೊಳ್ಳೆಯ ಕೊಡುಗೆಯೂ ಇರಬಹುದು. ನನ್ನ ಅನುಮಾನ ಮಾತ್ರ ಜುಲೈಯದ್ದರ ಮೇಲೆಯೇ. ಹಳೆಯ ಚೀಟಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ, ನಿಲ್ಲಿಸಿದ್ದನ್ನು ಮುಚ್ಚಿಡದೆ ಹೇಳಿ. ಈ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೊಂಡರೆ ಹೊಟ್ಟೆಯ ಉಪದ್ರ ಕಡಮೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಇದು ಕೆಂಪು ಕಣಗಳನ್ನು ಒಡೆಯುತ್ತದೆ, ಗರ್ಭಿಣಿಯರಿಗಂತೂ ಕೊಡುವುದಿಲ್ಲ. ಆದ್ದರಿಂದ ಅಂಗಡಿಯಿಂದ ನೀವೇ ತಂದು ತಿನ್ನುವುದು ಬೇಡ.

ಕಷಾಯ ಕುಡಿಯಿರಿ, ಮಳೆಗಾಲದಲ್ಲಿ ನಾನೂ ಕುಡಿಯುತ್ತೇನೆ. ಆದರೆ ಇಮ್ಯೂನಿಟಿ ಎಂಬುದು ಹೆಚ್ಚಿದಷ್ಟೂ ಲಾಭ ಕೊಡುವ ಬ್ಯಾಂಕಿನ ಠೇವಣಿ ಅಲ್ಲ. ಜ್ವರ, ಮೈಕೈ ನೋವು ಬಹುಪಾಲು ಅದರದ್ದೇ ಕೆಲಸ. ಅತಿಯಾದರೆ ನಮ್ಮನ್ನೇ ತಿನ್ನುತ್ತದೆ.

ನಿಮ್ಮ ಕೈಯಲ್ಲಿ ಇನ್ನೊಂದು ಕೆಲಸ ಉಂಟು. ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆಂದು ಕಟ್ಟಿ ನಿಲ್ಲಿಸುವ ನೀರು, ಲಿಫ್ಟಿನ ಗುಂಡಿ, ಮುಚ್ಚಳವಿಲ್ಲದ ಟಾಂಕಿ, ಇವೇ ಊರಿನ ಮಲೇರಿಯಾ ಸೊಳ್ಳೆಯ ತವರು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಆ ನೀರನ್ನು ಪೂರ್ತಿ ಚೆಲ್ಲಿಸಿ, ಒಣಗಿಸಿ ತುಂಬಿಸಿ. ಶೆಡ್ಡಿನಲ್ಲಿ ಮಲಗುವ ಕೆಲಸದವರಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ಅವತ್ತೇ ರಕ್ತಪರೀಕ್ಷೆಗೆ ಕಳುಹಿಸಿ. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹಾಜರಿ ಪುಸ್ತಕ ಹೇಗೂ ನಿಮ್ಮ ಕೈಯಲ್ಲೇ ಇದೆ. ಅವರ ಹೆಸರಿನ ಪಕ್ಕದಲ್ಲಿ 14 ದಿನವೂ ಮಾತ್ರೆ ತಿಂದದ್ದಕ್ಕೆ ಒಂದೊಂದು ಗುರುತು ಹಾಕಿ.

– ಸಂಪಾದಕ