ಮೊಣಕಾಲು ಕೀಲು ಬದಲಾವಣೆ: ನರಕ್ಕೆ ಇಂಜೆಕ್ಷನ್ ಕೊಟ್ಟರೆ ಕಾಲಿನ ಸ್ವಾಧೀನ ತಪ್ಪುತ್ತದೆಯೇ?

ಪ್ರಶ್ನೆ: ನಮ್ಮ ತಾಯಿಯವರಿಗೆ 67 ವರ್ಷ; ಸಕ್ಕರೆ ಕಾಯಿಲೆಯಿದೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಬಲ ಮೊಣಕಾಲಿನ ಕೀಲು ಬದಲಾವಣೆ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ನೋವು ತಗ್ಗಿಸಲು ತೊಡೆಯಲ್ಲಿ ನರ್ವ್ ಬ್ಲಾಕ್ (ನರವನ್ನು ಕೆಲಕಾಲ ಮರಗಟ್ಟಿಸುವ) ಇಂಜೆಕ್ಷನ್ ಕೊಡುತ್ತಾರಂತೆ. ಕಾಲಿನ ಸ್ವಾಧೀನವೇ ತಪ್ಪೀತೆಂದು ಅವರು ಹೆದರಿದ್ದಾರೆ. ಅದರ ಪರಿಣಾಮ ಎಷ್ಟು ಹೊತ್ತು ಇರುತ್ತದೆ?
– ಓದುಗರೊಬ್ಬರು, ಗದಗ

ಉತ್ತರ: ಸ್ವಾಧೀನ ಶಾಶ್ವತವಾಗಿ ತಪ್ಪುವಷ್ಟು ನರಕ್ಕೆ ಪೆಟ್ಟಾಗುವುದು ತೀರ ಅಪರೂಪ, ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಪರದೆಯ ಮೇಲೆ ನರವನ್ನೂ ಸೂಜಿಯ ತುದಿಯನ್ನೂ ನೋಡಿಕೊಂಡೇ ಔಷಧ ಬಿಡುತ್ತಾರೆ. ಆದರೆ ಇಂಜೆಕ್ಷನ್ ಯಾವ ಜಾಗಕ್ಕೆ ಎಂಬುದನ್ನು ಅವಶ್ಯವಾಗಿ ಕೇಳಿಕೊಳ್ಳಿ. ತೊಡೆಸಂದಿನ ಫೆಮೊರಲ್ ನರಕ್ಕೆ ಕೊಟ್ಟರೆ ನೋವಿನ ಜೊತೆಗೆ ತೊಡೆಯ ಮುಂಭಾಗದ ಸ್ನಾಯುಗಳ ಬಲವೂ ಕೆಲಕಾಲ ಕುಗ್ಗಿ, ಎದ್ದು ನಿಂತಾಗ ಮೊಣಕಾಲು ಕುಸಿದು ಬೀಳುವ ಸಂಭವವಿರುತ್ತದೆ. ತೊಡೆಯ ನಡುಭಾಗದ ಒಳಮಗ್ಗುಲಲ್ಲಿ ಕೊಡುವ ಅಡಕ್ಟರ್ ಕೆನಾಲ್ ಬ್ಲಾಕ್‌ನಲ್ಲಿ ಈ ಬಲ ಬಹುಮಟ್ಟಿಗೆ ಉಳಿಯುವುದರಿಂದ ನಾನು ಅದನ್ನೇ ಮೆಚ್ಚುತ್ತೇನೆ. ಅದು ಮೊಣಕಾಲಿನ ಹಿಂಬದಿಯ ನೋವನ್ನು ಅಷ್ಟಾಗಿ ತಗ್ಗಿಸದ ಕಾರಣ, ಶಸ್ತ್ರಚಿಕಿತ್ಸಕರು ಕೀಲಿನ ಸುತ್ತಲೂ ಮರಗಟ್ಟಿಸುವ ಔಷಧವನ್ನು ಚುಚ್ಚುವುದುಂಟು.

ಒಂದೇ ಸಲದ ಇಂಜೆಕ್ಷನ್ ಸಾಮಾನ್ಯವಾಗಿ 12ರಿಂದ 24 ಗಂಟೆ ಕೆಲಸ ಮಾಡುತ್ತದೆ. ಸಣ್ಣ ನಳಿಕೆಯಿಟ್ಟು ಔಷಧ ಹರಿಸುತ್ತಿದ್ದರೆ ಎರಡು-ಮೂರು ದಿನ. ತೊಂದರೆ ಬರುವುದು ಅದರ ಪ್ರಭಾವ ಇಳಿಯುವ ಹೊತ್ತಿಗೆ. ಸಂಜೆ ನರ್ಸ್ ಗುಳಿಗೆ ತಂದಾಗ "ನೋವ ಇಲ್ಲ, ಗುಳಿಗಿ ಯಾಕ್ರಿ?" ಎಂದು ಮರಳಿಸಿದವರೇ ನಡುರಾತ್ರಿ ನೋವು ಒಮ್ಮೆಲೇ ಏರಿ ನರಳುತ್ತಾರೆ. ಆದ್ದರಿಂದ ಪ್ಯಾರಾಸಿಟಮಾಲ್ ಮೊದಲಾದ ಗುಳಿಗೆಗಳನ್ನು ನೋವಿಗೆ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿಸಿ. ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಹುದಾದ್ದರಿಂದ, ಸಕ್ಕರೆ ಕಾಯಿಲೆಯವರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಅವನ್ನು ತೆಗೆದುಕೊಳ್ಳಬಾರದು.

ಈ ಇಂಜೆಕ್ಷನ್‌ನಿಂದ ನೋವು ಪೂರ್ತಿ ಹೋಗುವುದಿಲ್ಲ. ಮೊದಲ ದಿನಗಳಲ್ಲೇ ಕಾಲು ಮಡಚಿ, ವಾಕರ್ ಹಿಡಿದು ನಡೆಯಲು ಬೇಕಾದಷ್ಟು ತಗ್ಗುತ್ತದೆ. ಮರಗಟ್ಟಿರುವಾಗ ತಾಯಿಯವರು ಒಬ್ಬರೇ ಬಚ್ಚಲಿಗೆ ಹೋಗಬಾರದು. ನಮ್ಮ ಕಡೆ ವಾಡಿಕೆಯಾದ ಉಪ್ಪಿನ ಶಾಖವೂ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಬಟ್ಟೆ ಸುತ್ತಿದ ಐಸ್ ಸಾಕು.

ಅಂಗಾಲು ಈಗಾಗಲೇ ಜೋಮು ಹಿಡಿಯುತ್ತಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆ ನಡೆಯುತ್ತಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿಸಿ. ಕಳೆದ ಮೂರು ತಿಂಗಳಲ್ಲಿ ಆ ಮೊಣಕಾಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಶಸ್ತ್ರಚಿಕಿತ್ಸಕರಿಗೆ ಹೇಳಲೇಬೇಕು. ಸೋಂಕಿನ ಭಯದಿಂದ ಅವರು ದಿನಾಂಕವನ್ನೇ ಮುಂದೂಡಬಹುದು.