ಪ್ರಾಜೆಕ್ಟ್ ಕೆಲಸಕ್ಕೆ ಸೇರಲೇ, ನೆಟ್‌ಗೆ ಓದಲೇ?

ಪ್ರಶ್ನೆ: ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದ್ದೇನೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಒಮ್ಮೆ ಬರೆದೆ, ಆಗಲಿಲ್ಲ. ಪ್ರಾಧ್ಯಾಪಕರೊಬ್ಬರು ಸಂಶೋಧನಾ ಪ್ರಾಜೆಕ್ಟ್‌ಗೆ ಕರೆಯುತ್ತಿದ್ದಾರೆ, ಮನೆಯವರು ಬಿ.ಇಡಿ. ಮಾಡು ಎನ್ನುತ್ತಾರೆ. ನನಗೆ ಪಿಎಚ್‌ಡಿ ಮಾಡುವಾಸೆ. ಏನು ಮಾಡಲಿ?
– ಓದುಗರು, ರೋಣ

ಉತ್ತರ: ಸೇರಿಕೊಳ್ಳಿ. ಆದರೆ ಸಂಬಳ ಕೇಳುವ ಮೊದಲು ಪ್ರಾಜೆಕ್ಟ್ ಮುಗಿಯುವ ದಿನಾಂಕ ಕೇಳಿ. ಮೊದಲಿದ್ದವರು ನಡುವೆ ಬಿಟ್ಟುಹೋಗಿ, ಕೊನೆಯ ಆರೆಂಟು ತಿಂಗಳಿಗಷ್ಟೇ ಜನ ಬೇಕಾಗಿರುವುದೂ ಉಂಟು.

ಪ್ರಾಜೆಕ್ಟ್ ಹುದ್ದೆ ಬೇರೆ, ಪಿಎಚ್‌ಡಿ ನೋಂದಣಿ ಬೇರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮದಂತೆ ಒಂದು ಸಮಯಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿಮ್ಮನ್ನು ಕರೆಯುತ್ತಿರುವ ಪ್ರಾಧ್ಯಾಪಕರ ಬಳಿ ಸ್ಥಾನ ಖಾಲಿ ಇದೆಯೇ, ಇದೇ ಕೆಲಸವನ್ನು ಪ್ರಬಂಧಕ್ಕೆ ಬಳಸಿಕೊಳ್ಳಬಹುದೇ ಎಂದು ನೇರವಾಗಿ ಕೇಳಿ. ‘ನೋಡೋಣ’ ಎಂಬ ಉತ್ತರ ಬಂದರೆ ಅದನ್ನು ‘ಇಲ್ಲ’ ಎಂದೇ ಲೆಕ್ಕ ಹಿಡಿಯಿರಿ.

ನೆಟ್ ಓದು ಬಿಡಬೇಡಿ. ವಿಜ್ಞಾನ ವಿಷಯಗಳಿಗೆ ನಡೆಯುವ ಸಿಎಸ್‌ಐಆರ್–ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ನಿಮ್ಮ ಹೆಸರಿಗೇ ಬರುತ್ತದೆ. ಸ್ವಂತ ಫೆಲೋಶಿಪ್ ಇರುವವರನ್ನು ಬೇಡವೆನ್ನುವ ಮಾರ್ಗದರ್ಶಕರು ಕಡಿಮೆ. 2024ರಿಂದ ನೆಟ್‌ನಲ್ಲಿ ‘ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ’ ಎಂಬ ಅರ್ಹತೆಯೂ ಇದೆ. ಒಂದು ವರ್ಷದೊಳಗೆ ಬಳಸಬೇಕು, ಅದರ ಜೊತೆ ಹಣ ಬರುವುದಿಲ್ಲ.

ಇಂಥ ಹುದ್ದೆಗಳ ಪ್ರಕಟಣೆ ಪತ್ರಿಕೆಗಳಲ್ಲಿ ಅಪರೂಪ. ಸಂಸ್ಥೆಯ ಜಾಲತಾಣದ ಯಾವುದೋ ಮೂಲೆಯಲ್ಲಿ ಕೆಲವು ವಾರ ಇದ್ದು ಮಾಯವಾಗುತ್ತದೆ. ಧಾರವಾಡದ ಐಐಟಿ, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಬೆಂಗಳೂರಿನ ಐಐಎಸ್‌ಸಿ ತಾಣಗಳನ್ನು ವಾರಕ್ಕೊಮ್ಮೆ ನೋಡಿ. ಪ್ರಕಟಣೆಗೆ ಕಾಯದೆ ಪ್ರಾಧ್ಯಾಪಕರಿಗೆ ನೀವೇ ಇಮೇಲ್ ಬರೆದರೆ ಇನ್ನೂ ಒಳ್ಳೆಯದು. ‘ನಾನು ಶ್ರಮಜೀವಿ, ಸಂಶೋಧನೆಯಲ್ಲಿ ಅಪಾರ ಆಸಕ್ತಿ’ ಎಂದು ನಲವತ್ತು ಜನರಿಗೆ ಒಂದೇ ಒಕ್ಕಣೆ ಕಳಿಸಿದರೆ ಯಾರೂ ಓದುವುದಿಲ್ಲ. ಕೆಲವರು ಹಿಂದಿನ ಪ್ರಾಧ್ಯಾಪಕರ ಹೆಸರು ತೆಗೆಯುವುದನ್ನೂ ಮರೆತಿರುತ್ತಾರೆ! ಬದಲಿಗೆ ಹೀಗೆ ಬರೆಯಿರಿ: ‘ನಿಮ್ಮ ಇಂಥ ಲೇಖನ ಓದಿದೆ. ಅದರಲ್ಲಿ ವೇಗವರ್ಧಕ ಮೂರನೇ ಬಳಕೆಗೆ ಏಕೆ ಸೋಲುತ್ತದೆ ಎಂಬುದು ತಿಳಿಯಲಿಲ್ಲ. ನನ್ನ ಎಂ.ಎಸ್ಸಿ. ಪ್ರಾಜೆಕ್ಟ್‌ನಲ್ಲಿ ಇಂಥದ್ದೇ ಸಂಯುಕ್ತ ತಯಾರಿಸಿ, ಐಆರ್ ಸ್ಪೆಕ್ಟ್ರಮ್ ನಾನೇ ತೆಗೆದಿದ್ದೆ.’ ನೀವೇ ತೆಗೆದಿದ್ದರೆ ಮಾತ್ರ ಹಾಗೆ ಬರೆಯಿರಿ. ಸಂದರ್ಶನದ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಬಿ.ಇಡಿ. ಎಲ್ಲಿಗೂ ಓಡಿಹೋಗುವುದಿಲ್ಲ. ಮನೆಯವರಿಂದ ಎರಡು ವರ್ಷದ ಅವಕಾಶ ಕೇಳಿ ಪಡೆಯಿರಿ.

ಪ್ರಶ್ನೆ: ಬಿ.ಇ. ಮುಗಿಸಿ, ಎಂ.ಟೆಕ್. ಮಾಡದೆ ಪಿಎಚ್‌ಡಿಗೆ ಹೋಗಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಹೋಗಬಹುದು. ಒಳ್ಳೆಯ ಅಂಕ, ಗೇಟ್ (ಎಂಜಿನಿಯರಿಂಗ್ ಪದವೀಧರರ ಅರ್ಹತಾ ಪರೀಕ್ಷೆ) ಸ್ಕೋರ್ ಇದ್ದರೆ ಐಐಎಸ್‌ಸಿ ಮತ್ತು ಹಲವು ಐಐಟಿಗಳು ನೇರವಾಗಿ ತೆಗೆದುಕೊಳ್ಳುತ್ತವೆ. ಗೇಟ್ ಸ್ಕೋರ್‌ಗೆ ಮೂರು ವರ್ಷ ಮಾನ್ಯತೆ ಇರುವುದರಿಂದ ಕೊನೆಯ ವರ್ಷದಲ್ಲೇ ಬರೆದುಬಿಡಿ.